ಷಡ್ಡಕನ ಮೋಟಾರು

ನಿನ್ನೆ ಸ್ಟೇಷನ್ ರಸ್ತೆಯಲ್ಲಿ ಯಾರೋ ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಇಂಜಿನ್ನು ಒರೆಸುತ್ತ ಕೂತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚು ಮತ್ತೆ ಹೊಗೆಯಾಡಿತು. ನಗಬೇಡಿ. ನನ್ನಂಥ ಸಭ್ಯನೂ ಒಂದು ಮೋಟಾರು ಕಂಡು ಕರುಬಿದ್ದುಂಟು.

ಮಹಾಯುದ್ಧದ ಕಾಲ. ಪೆಟ್ರೋಲು ಚೀಟಿಯ ಮೇಲೆ ಸಿಗುತ್ತಿತ್ತು. ವಿಜಾಪುರದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನಾನು ಹಳೆಯದೊಂದು ಕರಿ ಮೋಟಾರು ಇಟ್ಟಿದ್ದೆ. ಬಬಲೇಶ್ವರದ ಗುರುಪಾದಪ್ಪನ ಹತ್ತಿರವೂ ಒಂದಿತ್ತು. ಅವನು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ನಾನು ದಿನಾ ಕೊಬ್ಬರಿ ಎಣ್ಣೆ ಸವರಿ ನನ್ನದನ್ನು ಮಿರಿಮಿರಿ ಮಿಂಚಿಸುತ್ತಿದ್ದೆ. ಅವನದು ಬಣ್ಣ ಹೋದ ಡಬ್ಬಿ. ಆದರೆ ಚಾಲೂ ಮಾಡುವ ಹ್ಯಾಂಡಲನ್ನು ಅರ್ಧ ಸುತ್ತು ತಿರುವಿದರೆ ಸಾಕು, ಗುರ್ ಅನ್ನುತ್ತಿತ್ತು. ನನ್ನದಕ್ಕೆ ಇಬ್ಬರು ಬೆವರಬೇಕು. ಮಾವನವರ ಊರು ಹೊನವಾಡಕ್ಕೆ ಹೊರಟರೆ, ನಡುದಾರಿಯ ಟಿಕೋಟಾ ಮುಟ್ಟುವಷ್ಟರಲ್ಲಿ ನಾನು ಕಾದ ಇಂಜಿನ್ನಿಗೆ ಎರಡು ಕೊಡ ನೀರು ಕುಡಿಸುತ್ತಿದ್ದೆ. ಅವನು ನನ್ನಷ್ಟೇ ಪೆಟ್ರೋಲಿನಲ್ಲಿ ಹೋಗಿ ತಿರುಗಿಯೂ ಬರುತ್ತಿದ್ದ. ಪೆಟ್ರೋಲನ್ನು ಧೋತರದ ಅರಿವೆಯಲ್ಲಿ ಸೋಸಿ ಹಾಕುವವನು, ವಾರಕ್ಕೊಮ್ಮೆ ಪ್ಲಗ್ಗು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವವನು ಅವನು. ನಾನೋ, ಕೈ ಮಸಿಯಾದೀತೆಂದು ಬಾನೆಟ್ಟು ಎತ್ತಲೂ ಹಿಂಜರಿಯುವವನು. ಹೊನವಾಡದಲ್ಲಿ ಮಾವನವರು ಊಟಕ್ಕೆ ಕೂತು ಅವನನ್ನು ಹೊಗಳತೊಡಗಿದರೆ ನನಗೆ ಹೋಳಿಗೆಯೂ ಕಹಿ.

ಚೊಚ್ಚಲ ಹೆರಿಗೆಗೆ ನನ್ನ ಹೆಂಡತಿ ಅದೇ ಹೊನವಾಡದಲ್ಲಿದ್ದಳು. ಒಂದು ಮುಂಜಾನೆ, ಷಡ್ಡಕರಿಬ್ಬರೂ ಅಲ್ಲಿದ್ದಾಗಲೇ, ನೋವು ಶುರುವಾಯಿತು. ಸೂಲಗಿತ್ತಿ ಹೊರಗೆ ಬಂದು, "ಕೂಸು ಅಡ್ಡ ತಿರುಗೈತ್ರಿ. ವಿಜಾಪುರದ ದವಾಖಾನಿಗೆ ಲಗೂನ ಒಯ್ರಿ" ಅಂದಳು.

"ತಮ್ಮಾ, ನನ್ನ ಗಾಡ್ಯಾಗ ಕುಂದರಸು," ಎಂದ ಗುರುಪಾದಪ್ಪ.

"ನನ್ನ ಹೇಣ್ತಿ, ನನ್ನ ಗಾಡ್ಯಾಗ ಬರ್ತಾಳ್ರಿ," ಅಂದುಬಿಟ್ಟೆ.

ಅತ್ತೆ ಹಿಂದೆ ಕೂತು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಟಿಕೋಟಾ ಇನ್ನೂ ಎರಡು ಮೈಲಿ ಇರುವಾಗ ನನ್ನ ಮಿಂಚುವ ಗಾಡಿ ಉಗಿ ಉಗುಳಿ ನಿಂತಿತು. ಹ್ಯಾಂಡಲು ತಿರುವಿ ತಿರುವಿ ಅಂಗೈ ಸುಲಿಯಿತು. "ನಾ ಉಳಿಯೂದಿಲ್ರಿ..." ಎಂದು ಒಳಗೆ ಅವಳು ನರಳುತ್ತಿದ್ದಳು.

ಆಗ ಹಿಂದಿನ ಧೂಳಿನಿಂದ ಆ ಡಬ್ಬಿ ಬಂತು. ಗುರುಪಾದಪ್ಪ ಇಳಿದು ಹಿಂದಿನ ಬಾಗಿಲು ತೆರೆದ. ಇಬ್ಬರೂ ಸೇರಿ ಅವಳನ್ನು ಎತ್ತಿ ಅವನ ಗಾಡಿಯಲ್ಲಿ ಮಲಗಿಸಿದೆವು. ಗೋಳಗುಮ್ಮಟ ಕಾಣುವವರೆಗೂ ಇಂಜಿನ್ನು ಒಮ್ಮೆಯೂ ತಡವರಿಸಲಿಲ್ಲ. ಹೇಳಲು ನಾಚಿಕೆ, ಅಂಥ ಹೊತ್ತಿನಲ್ಲೂ ಆ ಸದ್ದು ಕೇಳಿ ನನ್ನ ಹೊಟ್ಟೆ ಉರಿಯಿತು.

ಮಧ್ಯಾಹ್ನ ಮಗಳು ಹುಟ್ಟಿದಳು. ತಾಯಿಯೂ ಉಳಿದಳು. ಮುಂದೆ ಕರಿ ಮೋಟಾರನ್ನು ಮಾರಿದೆ. ಅವನಿಗೆ ಹೇಳಬೇಕಾದ ಮಾತನ್ನು ಮಾತ್ರ ಹೇಳಲೇ ಇಲ್ಲ.

ಇವತ್ತು ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ. ಗುರುಪಾದಪ್ಪನಿಗೆ ಈಗ ಕಣ್ಣು ಮಂಜು. "ಅಣ್ಣಾರ, ಅವತ್ತ ಹೊಟ್ಟಿಕಿಚ್ಚಿಗೆ ಬಿದ್ದು ಆಕಿ ಜೀವದ ಜೋಡಿ ಆಟಾ ಆಡಿದ್ನಿ. ತಪ್ಪಾತ್ರಿ," ಅಂದೆ.

ಅವನು ನನ್ನ ದನಿಯ ಕಡೆ ಮುಖ ತಿರುಗಿಸಿದ. "ನಿನಗೊಬ್ಬಗ ಇತ್ತೇನೋ ಹೊಟ್ಟಿಕಿಚ್ಚು? ನಮಗಂತೂ ಮಕ್ಕಳಾಗಲಿಲ್ಲ. ದವಾಖಾನ್ಯಾಗ ಆ ಕೂಸಿನ್ನ ನನ್ನ ಕೈಯಾಗ ಕೊಟ್ರಲ್ಲ, ನಿನಗ ತಿರುಗಿ ಕೊಡಾಕ ಮನಸ ಬರಲಿಲ್ಲ ತಮ್ಮಾ."

ಇಷ್ಟು ವರ್ಷ ನಾನು ಅವನ ಮೋಟಾರನ್ನಷ್ಟೇ ನೋಡಿದ್ದೆ. ಅವನ ಕೈ ಹಿಡಿದುಕೊಂಡು ಕೂತೆ. ಹೊರಡುವಾಗ, "ನಾಳೆ ಮಗಳನ್ನ ಕರಕೊಂಡು ಬರ್ತೇನ್ರಿ," ಅಂದೆ.