ಹೊಡಿ ಅಂದದ್ದು ನಾನೇ

2009ರ ನವೆಂಬರ್ 15, ಭಾನುವಾರ. ಮಾಕಳಿದುರ್ಗದ ಕೋಟೆಯಲ್ಲಿ ನನ್ನ ಕೆನ್ನೆ ಸೀಳಿದ ದಿನ. ಕಲ್ಲು ಹಿಡಿದಿದ್ದವನು, ಪೀಣ್ಯದ ನಮ್ಮ ಶೆಡ್ಡಿನಲ್ಲಿ ನಾನು ಎಲ್ಲರಿಗಿಂತ ಹೆಚ್ಚು ನಂಬಿದ್ದ ಮನುಷ್ಯ.

ಆ ನಂಬಿಕೆ ಎಂಥದ್ದೆಂದು ಮೊದಲು ಹೇಳಬೇಕು. ತಗಡಿಗೆ ಅಚ್ಚು ಬಡಿಯುವ ಪವರ್ ಪ್ರೆಸ್ಸಿಗೆ ನಾವಿಬ್ಬರು ಜೋಡಿ. ಅವನು ಮುಂದೆ, ಕಾಲು ಪೆಡಲಿನ ಮೇಲೆ, ನಾನು ಹಿಂದೆ. ಉದ್ದನೆಯ ತಗಡನ್ನು ಅಚ್ಚಿನೊಳಗೆ ನೂಕಿ, ಕೂರಿಸಿ, ಬೆರಳು ಹೊರಗೆಳೆದು "ಹೊಡಿ" ಅನ್ನುವುದು ನನ್ನ ಕೆಲಸ. ನನ್ನ ಕೈ ಅವನಿಗೆ ಕಾಣುವುದಿಲ್ಲ. ಮಾತು ಕಿವಿಗೆ ಬಿದ್ದೊಡನೆ ಅವನು ಪೆಡಲ್ ಒತ್ತಬೇಕು, ಯೋಚಿಸಕೂಡದು. ದಿನಕ್ಕೆ ಸುಮಾರು ಒಂಬೈನೂರು ಸಲ. ಶೆಡ್ಡಿನ ಹದಿನಾಲ್ಕು ಜನರಲ್ಲಿ ಒಟ್ಟು ಏಳು ಬೆರಳು ಹೋಗಿದ್ದವು. ಮೂರು ಬೆರಳು ನನ್ನ ಕಣ್ಣೆದುರೇ ಹೋದವು, ತಗಡಿನ ಜೊತೆ ಚಪ್ಪಟೆಯಾಗಿ. ಎರಡು ವರ್ಷ ಎಂಟು ತಿಂಗಳು ಅವನ ಜೊತೆ ದುಡಿದೂ ನನ್ನ ಹತ್ತು ಬೆರಳೂ ಉಳಿದಿದ್ದವು.

ಅವನು ಬಾದಾಮಿ ಕಡೆಯವನು, ನನಗಿಂತ ಒಂಬತ್ತು ವರ್ಷ ದೊಡ್ಡವನು, ದಾಸರಹಳ್ಳಿಯಲ್ಲಿ ಬಾಡಿಗೆ ಕೋಣೆ. ನಮ್ಮದು ಚಿಕ್ಕಬಾಣಾವರ, ತಾತನ ಕಾಲದಿಂದ. ಆ ಭಾನುವಾರ ಕೋಟೆ ನೋಡಲೆಂದು ಯಶವಂತಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಹೋದೆವು. ಗುಡ್ಡದ ಏರಿನಲ್ಲಿ ಮುಳ್ಳು ಮೊಣಕಾಲು ಗೀರುತ್ತಿತ್ತು, ಬಂಡೆ ಅಂಗೈ ಸುಡುತ್ತಿತ್ತು. ಐದು ಸಲ ಕೂತೆವು. ಮೇಲೆ ಮುರಿದ ಗೋಡೆ, ಕೆಳಗೆ ಕಾಡು, ಆಚೆ ಕೆರೆ.

"ಇದಕ್ಕ ಕ್ವಾಟಿ ಅಂತೀರೇನಲೇ ತಮ್ಮಾ? ನಮ್ಮೂರಾಗ ದನದ ಕೊಟಗಿ ಗ್ವಾಡಿ ಇದಕಿಂತ ದಪ್ಪ ಇರ್ತಾವ."

"ಸುಮ್ನೆ ಹತ್ತಣ್ಣ. ಉಸಿರು ಬಿಡೋಕಾಗ್ತಿಲ್ಲ, ಮಾತು ನೋಡು."

ಗೋಡೆಯ ನೆರಳಿನಲ್ಲಿ ಅವನು ಚೀಲ ಬಿಚ್ಚಿದ. ಊರಿಂದ ಹೆಂಡತಿ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವಳನ್ನು ನೋಡಿ ಏಳು ತಿಂಗಳಾಗಿತ್ತು. ಮೊದಲ ತುತ್ತು ಮುರಿಯುವಷ್ಟರಲ್ಲಿ ಕೋತಿಯೊಂದು ಗೋಡೆಯಿಂದ ಹಾರಿ ಗಂಟನ್ನೇ ಎತ್ತಿಕೊಂಡು ಹೋಯಿತು.

ಅವನು ಕಲ್ಲು ಬೀಸತೊಡಗಿದ. ನಾಲ್ಕು ಗುರಿ ತಪ್ಪಿದವು. ಐದನೆಯದು ಸೊಂಟಕ್ಕೆ ಬಿತ್ತು. ಕೋತಿ ಕಿರುಚಿ ಉರುಳಿತು. ಹಿಂಗಾಲು ಎಳೆದುಕೊಂಡು ಗೋಡೆಯ ಬುಡಕ್ಕೆ ತೆವಳಿತು. ಆಗ ಕಂಡದ್ದು, ಹೊಟ್ಟೆಗೆ ಅವಚಿಕೊಂಡಿದ್ದ ಮರಿ. ಅವನು ತೆಂಗಿನಕಾಯಿ ಗಾತ್ರದ ಕಲ್ಲೆತ್ತಿಕೊಂಡು ಅದರತ್ತ ನಡೆದ. ನಾನು ಓಡಿ ಅಡ್ಡ ನಿಂತೆ.

"ಸರಿಯಲೇ."

"ಮರಿ ಐತೆ ಕಣಣ್ಣ. ರೊಟ್ಟಿ ತಾನೇ, ಹೋಗ್ಲಿ ಬಿಡು."

"ನಿನಗೇನ್ ಗೊತ್ತಲೇ ಅದು ಎಂಥಾ ರೊಟ್ಟಿ ಅಂತ? ಸರಿ!"

"ಮೂಕಪ್ರಾಣಿ ಮೇಲೇನು ನಿನ್ ಪೌರುಷ? ತಾಕತ್ತಿದ್ರೆ ನಂಗೆ ಹೊಡಿ ನೋಡಣ."

ನಮ್ಮ ಕಡೆ ಬೀದಿ ಜಗಳದಲ್ಲಿ ಇದು ದಿನದ ಮಾತು. ಕಾಲರ್ ಹಿಡಿದುಕೊಂಡು ಅರ್ಧ ಗಂಟೆ "ಹೊಡಿ ನೋಡಣ" ಎಂದು ಕೂಗಾಡಿ ಮನೆಗೆ ಹೋಗುತ್ತಾರೆ, ಯಾರೂ ಹೊಡೆಯುವುದಿಲ್ಲ. ಅವನ ತೋಳೂ ಸಡಿಲವಾಗುತ್ತಿತ್ತು. ನಾನು ಅಲ್ಲಿಗೆ ಬಿಡಬೇಕಿತ್ತು. ಎದೆ ಮುಂದೆ ಮಾಡಿ ಇನ್ನೊಮ್ಮೆ ಅಂದೆ, ಗಟ್ಟಿಯಾಗಿ, ಒಂದೇ ಮಾತು:

"ಹೊಡಿ!"

ಕಲ್ಲು ಬಂತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಪ್ರೆಸ್ಸಿನ ಮುಂದೆ ಇರುವ ಹಾಗೆ ಖಾಲಿಯಾಗಿತ್ತು. ಕೆನ್ನೆಯೊಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಮಂಡಿಯೂರಿ ಉಗಿದೆ, ರಕ್ತದ ಜೊತೆ ಒಂದು ದವಡೆ ಹಲ್ಲು ಬಂಡೆಯ ಮೇಲೆ ಬಿತ್ತು. ಕೋತಿ ಮರಿಯೊಡನೆ ಗೋಡೆಯ ಸಂದಿಗೆ ನುಸುಳಿತು.

ಅವನು ಕಲ್ಲು ಕೆಳಗೆ ಹಾಕಿ ತನ್ನ ಕೈಯನ್ನೇ ನೋಡಿದ. "ನೀ ಹೊಡಿ ಅಂದಿ... ನಾ ಹೊಡದ್ನಿ. ಸಿಟ್ಟಿಂದಲ್ಲೋ ತಮ್ಮಾ, ನಮ್ಮವ್ವನ ಆಣಿ. ನನಗ ಗೊತ್ತಾಗೂದ್ರಾಗ ಕೈ ಹೋಗಿತ್ತು." ಆಮೇಲೆ ಆ ಮುಷ್ಟಿಯನ್ನು ಕೋಟೆಯ ಗೋಡೆಗೆ ಬಡಿಯತೊಡಗಿದ. ಮೂರು, ನಾಲ್ಕು, ಐದು. ಗೆಣ್ಣಿನ ಚರ್ಮ ಕಲ್ಲಿಗೆ ಅಂಟಿತು. ಸೊಂಟ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಮುಳ್ಳಿನ ಮೇಲೆ ಬಿದ್ದೆವು.

ಅವನ ಟವೆಲನ್ನು ಕೆನ್ನೆಗೆ ಒತ್ತಿಕೊಂಡು ಇಳಿದೆ. ದೊಡ್ಡಬಳ್ಳಾಪುರದ ಡಾಕ್ಟರಿಗೆ ಜಾರಿ ಬಿದ್ದೆ ಅಂದೆ. ಹಿಂದಿನಿಂದ ಅವನು, "ಇಲ್ರೀ ಸರ, ನಾನ ಹೊಡದೀನಿ," ಅಂದ. ಡಾಕ್ಟರು ಇಬ್ಬರನ್ನೂ ನೋಡಿ ಸೂಜಿ ತೆಗೆದುಕೊಂಡರು. ಐದು ಹೊಲಿಗೆ.

ಸಂಜೆ ಅಲ್ಲಿನ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೇಳಿದ: "ನಾಳಿ ತಗಡ ಹಿಡೀತಿ?"

ಲೆಕ್ಕ ಹಾಕಿದರೆ ಅವನು ತಪ್ಪಿರಲಿಲ್ಲ. ಮಾತು ಬಂತು, ಹೊಡೆದ. ನನ್ನ ಬೆರಳು ಉಳಿದದ್ದೂ ಹಾಗೆಯೇ. ಆದರೆ ಕೈಯನ್ನು ಅಚ್ಚಿನೊಳಗೆ ಇಟ್ಟಂತೆ ಮನಸ್ಸಿನಲ್ಲೇ ಮಾಡಿ ನೋಡಿದೆ. ಕೈ ಒಳಗೆ ಹೋಗಲಿಲ್ಲ. ಅವನ ಕಾಲಿಗಲ್ಲ, ನನ್ನ ಬಾಯಿಗೇ ಹೆದರಿದ್ದೆ.

"ಇಲ್ಲಣ್ಣ. ಬೇರೆ ಮಿಷನ್ ಕೇಳ್ತೀನಿ."

"ಛಲೋ. ನಾನೂ ಪೆಡಲ್ ಮ್ಯಾಲ ಕಾಲ ಇಡಂಗಿಲ್ಲ. ಸೂಪರ್‌ವೈಸರ್ ಒದ್ದು ಹೊರಗ ಹಾಕಿದ್ರ ಹಾಕ್ಲಿ."

ಆಮೇಲೆ ಎದ್ದು, "ಅಂಗಿ ಬಿಚ್ಚು," ಅಂದ. "ಹಿಂಗ ಹೋದ್ರ ನಿಮ್ಮವ್ವ ಎದಿ ಒಡಕೋತಾಳ."

ಬನಿಯನ್ನಿನಲ್ಲಿ ನಡುಗುತ್ತ ಕೂತೆ. ಅವನು ನಲ್ಲಿಯ ಕೆಳಗೆ, ಊದಿದ ಬಲಗೈ ಬಿಟ್ಟು, ಒಂದೇ ಕೈಯಲ್ಲಿ ನನ್ನ ಅಂಗಿ ಉಜ್ಜಿದ. ರಕ್ತ ಪೂರ್ತಿ ಹೋಗಲಿಲ್ಲ. ರೈಲು ಬಂದಾಗಲೂ ಉಜ್ಜುತ್ತಿದ್ದ. ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.