ಬೇಸಿಗೆಯಲ್ಲಷ್ಟೇ ಸಾಯುವ ಚಿಪ್

ತಿಪಟೂರಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ನಜೀರ್ ಅಹಮದರ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆಯಿದೆ. ಅಲ್ಲಿ ಅವರ ಮಗಳು ಮೆಹರೀನ್ ಹದಿನಾಲ್ಕು ವರ್ಷದಿಂದ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬಿಡಿಸುತ್ತ, ಬೆಸುಗೆ ಹಾಕುತ್ತ ಕೂತಿದ್ದಾಳೆ. ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ, ಅದು ಯಾಕೆ ಕೆಟ್ಟಿತು ಎಂದು ತಿಳಿಯುವುದೇ ಅವಳಿಗೆ ಹೆಚ್ಚು ರುಚಿ.

ತುರುವೇಕೆರೆಯ ಗಂಗರಾಜು ತೆಂಗಿನಕಾಯಿ ಸುಲಿಯುವ ಯಂತ್ರ ತಯಾರಿಸುತ್ತಿದ್ದ. ಅದರ ಬೋರ್ಡುಗಳು ಮೆಹರೀನಳವೇ. ಕಾಯಿ ಹೊತ್ತು ತರುವ ರಬ್ಬರ್ ಬೆಲ್ಟಿನ ಬಳಿ ಒಂದು, ಸುಲಿಯುವ ಉರುಳೆಗಳ ಬಳಿ ಇನ್ನೊಂದು. ಎರಡೂ ಹೊಸೆದ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳುತ್ತಿದ್ದವು. ಕಾರುಗಳಲ್ಲಿರುವ ಕ್ಯಾನ್ ಪದ್ಧತಿಯೇ ಅದು. ಬೋರ್ಡಿನ ಮಾತನ್ನು ತಂತಿಗೆ ದಾಟಿಸಿ, ತಂತಿಯ ಮಾತನ್ನು ಬೋರ್ಡಿಗೆ ತಲುಪಿಸುವುದು ಹುರುಳಿಕಾಳಿನಷ್ಟು ದೊಡ್ಡ ಟ್ರಾನ್ಸೀವರ್ ಚಿಪ್.

ಮಳೆಗಾಲವಿಡೀ ಒಂದೂ ದೂರಿರಲಿಲ್ಲ. ಫೆಬ್ರವರಿ ಬಂದದ್ದೇ ತಡ, ಯಂತ್ರಗಳು ಒಂದರ ಹಿಂದೊಂದು ನಿಂತವು. ಪ್ರತಿ ಸಲವೂ ಸತ್ತಿದ್ದದ್ದು ಅದೇ ಚಿಪ್.

"ಮಾಲೇ ಕಳಪೆ ಇರ್ಬೇಕು ಕಣಮ್ಮ. ಬೇರೆ ಕಂಪನೀದು ಹಾಕ್ಬುಡು," ಎಂದ ಗಂಗರಾಜು.

"ಕಳಪೆ ಆಗಿದ್ರೆ ಮಳೇಲೂ ಸಾಯ್ಬೇಕಿತ್ತಲ್ಲ ಗಂಗಣ್ಣ?"

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಎರಡು ಸಲ ಯಂತ್ರ ನಿಂತಿದ್ದ ಅರಳಗುಪ್ಪೆಗೆ ಬಸ್ಸು ಹತ್ತಿದಳು. ಅಲ್ಲಿ ಆ ಯಂತ್ರ ಕೊಂಡಿದ್ದ ಹೊಂಬಾಳಮ್ಮನ ಕೊಟ್ಟಿಗೆಯಲ್ಲಿ, ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಗಳು ಗಲಗಲ ಸದ್ದು ಮಾಡುತ್ತ ಬೆಲ್ಟಿನ ಮೇಲೆ ಬರುತ್ತಿದ್ದವು. ಮೆಹರೀನ್ ಬೆಳಗಿನಿಂದ ಒಂದು ಮೂಲೆಯಲ್ಲಿ ಕೂತು ನೋಡಿದಳು. ಮಧ್ಯಾಹ್ನ ಹೊಂಬಾಳಮ್ಮ ಯಂತ್ರ ನಿಲ್ಲಿಸಿ, ಬೆಲ್ಟಿಗೆ ಮೆತ್ತಿದ ನಾರನ್ನು ಕೈಯಿಂದ ಒರೆಸಿ, ಮುಚ್ಚಳ ತೆಗೆಯಲೆಂದು ತಂತಿಯ ಕನೆಕ್ಟರಿಗೆ ಕೈ ಹಾಕಿದಳು. ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಏನಾಯ್ತಮ್ಮ?"

"ಏನಿಲ್ಲ ಕಣವ್ವ, ಚಟ್ ಅಂತು. ಬಿಸಿಲುಗಾಲ್ದಲ್ಲಿ ದಿನಾ ಹಿಂಗೇಯ. ಮಳೆ ಬಿದ್ಮೇಲೆ ಅನ್ನಲ್ಲ."

"ಇಷ್ಟು ದಿನ ಹೇಳ್ಲೇ ಇಲ್ವಲ್ಲ!"

"ಕೇಳ್ದೋರು ಯಾರು?"

ಮೆಹರೀನ್ ತಾನೂ ಬೆಲ್ಟನ್ನು ಸವರಿ ಕನೆಕ್ಟರ್ ಮುಟ್ಟಿದಳು. ಚಟ್! ನೋವಾದರೂ ಮುಖ ಅರಳಿತು. ಕಾಯಿಯ ಒಣ ಮಟ್ಟೆಯೂ ರಬ್ಬರೂ ಉಜ್ಜಿ ಉಜ್ಜಿ ಹುಟ್ಟುವ ವಿದ್ಯುತ್ತಿನ ಕಿಡಿ ಇದು. ಗಾಳಿಯಲ್ಲಿ ತೇವವಿದ್ದರೆ ಆ ವಿದ್ಯುತ್ತು ಕೂಡಿಕೊಳ್ಳುವುದೇ ಇಲ್ಲ.

ಆದರೆ ಇಂಥ ಕಿಡಿಯನ್ನು ನೆಲಕ್ಕೆ ಇಳಿಸಲೆಂದೇ ಅವಳು ಬೋರ್ಡಿನಲ್ಲಿ ಒಂದು ರಕ್ಷಕ ಡಯೋಡ್ ಹಾಕಿದ್ದಳು. ಅದೇನು ಮಾಡುತ್ತಿತ್ತು? ಅಂಗಡಿಗೆ ಮರಳಿ ತನ್ನದೇ ನಕ್ಷೆಯ ಮೇಲೆ ಬೆರಳಿಟ್ಟು ಕಿಡಿ ಸಾಗುವ ದಾರಿಯನ್ನು ಗುರುತಿಸಿದಳು. ಮೊದಲು ಕನೆಕ್ಟರ್, ಆಮೇಲೆ ಚಿಪ್, ಅದರಾಚೆ ಮೂಲೆಯಲ್ಲಿ ಡಯೋಡ್. ಅಲ್ಲಿ ಜಾಗ ಖಾಲಿಯಿತ್ತೆಂದು ಅಲ್ಲಿಟ್ಟಿದ್ದಳು, ಅಷ್ಟೇ. ಕಿಡಿ ಚಿಪ್ಪನ್ನು ಸುಟ್ಟ ಮೇಲೆ ಡಯೋಡಿನ ಹತ್ತಿರ ಹೋಗುತ್ತಿತ್ತು. ಕೂಡಲೇ ಗಂಗರಾಜುವಿಗೆ ಫೋನು ಮಾಡಿದಳು.

"ತಪ್ಪು ನಂದೇ ಗಂಗಣ್ಣ. ಮುಂದಿಡೋದನ್ನ ಹಿಂದಿಟ್ಟಿದ್ದೀನಿ."

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕ್ದಂಗಾಯ್ತು. ಹೋಗ್ಲಿ, ಸರಿ ಮಾಡಕ್ಕಾಯ್ತದಾ?"

"ಆಯ್ತದೆ."

ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದನ್ನು ಸರಿಸಿದರೆ ಇನ್ನೊಂದಕ್ಕೆ ಜಾಗವಿಲ್ಲ. ಐದನೆಯ ನಕ್ಷೆಯಲ್ಲಿ ಎಲ್ಲ ಕೂಡಿಬಂತು: ಕನೆಕ್ಟರಿಗೆ ಅಂಟಿಕೊಂಡಂತೆ ಡಯೋಡ್, ಅದರಿಂದ ನೇರ ನೆಲಕ್ಕೊಂದು ಗಿಡ್ಡ ದಾರಿ, ಅದರ ಬೆನ್ನಿಗೇ ಚಿಪ್.

ಏಪ್ರಿಲ್ ಮಧ್ಯಾಹ್ನ, ಅದೇ ಕೊಟ್ಟಿಗೆಯಲ್ಲಿ ಪರೀಕ್ಷೆ ನಡೆಯಿತು. ಬೆಲ್ಟು ಸವರಿ ಕನೆಕ್ಟರ್ ಮುಟ್ಟುವ ಕೆಲಸವನ್ನು ಹೊಂಬಾಳಮ್ಮ ಹಟಮಾಡಿ ತಾನೇ ವಹಿಸಿಕೊಂಡಳು. ಹಳೆಯ ಬೋರ್ಡು ಆರನೇ ಕಿಡಿಗೆ ಸತ್ತಿತು. ಹೊಸದು ನಲವತ್ತು ಕಿಡಿ ತಿಂದರೂ ಜಗ್ಗಲಿಲ್ಲ. ಹೊಂಬಾಳಮ್ಮ ಬೆರಳು ಉಜ್ಜಿಕೊಳ್ಳುತ್ತ ಭೂತಗನ್ನಡಿಯಲ್ಲಿ ಬೋರ್ಡಿನ ಡಯೋಡನ್ನು ಇಣುಕಿ ನೋಡಿದಳು.

"ಇದು ಎಲ್ಡು ಬೆಳ್ಳು ಆಚೆಗಿದ್ದಿದ್ಕೆ ಇಷ್ಟೆಲ್ಲಾ ರಂಪಾನಾ?"

"ಎರಡೇ ಬೆರಳು ಕಣಮ್ಮ."

ಆ ಬೇಸಿಗೆಯಲ್ಲಿ ಎಲ್ಲ ಯಂತ್ರಗಳ ಬೋರ್ಡೂ ಬದಲಾಯಿತು. ಮತ್ತೆ ನಿಂತದ್ದು ಕೆಂಕೆರೆಯದು ಮಾತ್ರ. ಮೆಹರೀನ್ ಹೋಗಿ ನೋಡಿದರೆ, ಚಿಪ್ ಗಟ್ಟಿಮುಟ್ಟಾಗಿತ್ತು. ತಂತಿಯನ್ನು ಅಳಿಲು ಕಡಿದಿತ್ತು. ಬೋರ್ಡಿನಲ್ಲಿ ಯಾವುದನ್ನು ಎಲ್ಲಿಟ್ಟರೂ ಅಳಿಲಿಗೆ ಲೆಕ್ಕವಿಲ್ಲ. ಅವಳು ನಗುತ್ತ ತಂತಿಗೊಂದು ಪೈಪು ತೊಡಿಸಿ ಬಂದಳು.