ಸೋದರಮಾವನ ತೊಡೆ

ಮಗಳಿಗೆ ಐದು ತುಂಬುವುದರೊಳಗೆ ಕಿವಿ ಚುಚ್ಚಿಸಲೇಬೇಕೆಂದು ನನ್ನ ಅಮ್ಮ ಪಟ್ಟು ಹಿಡಿದಳು. ನಮ್ಮಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸುವುದು. ತೊಡಕಿದ್ದದ್ದು ಅಲ್ಲೇ. ನನ್ನ ಬೆನ್ನಿಗೆ ಹುಟ್ಟಿದವಳನ್ನು ನಾವೆಲ್ಲ ಹುಡುಗನೆಂದು ಬೆಳೆಸಿದ್ದೆವು. ತಾನು ಹೆಣ್ಣೆಂದು ಅವಳು ಹೇಳಿ ವರ್ಷವಾಗಿತ್ತು. ಕೆ.ಆರ್. ಪುರದಲ್ಲಿ ರೂಮು ಮಾಡಿಕೊಂಡಿದ್ದಳು, ಸೀರೆ ಉಡುತ್ತಿದ್ದಳು. ಅವತ್ತೊಂದು ದಿನ ಪ್ಯಾಂಟು ಶರ್ಟು ಹಾಕಿಕೊಂಡು ಬರಲಿ ಎಂದಳು ಅಮ್ಮ. ಹಾಗಾದರೆ ಬರುವುದೇ ಇಲ್ಲ ಎಂದಳು ತಂಗಿ. ನಡುವೆ ಸಿಕ್ಕಿ ಒದ್ದಾಡಿದವಳು ನಾನು.

ಅಮ್ಮನ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ. ಮಗಳಿಗಾದರೂ ತಿಳಿಸೋಣವೆಂದು ಒಂದು ಚಿತ್ರಪುಸ್ತಕ ತಂದೆ. ಊರೆಲ್ಲ ಹುಂಜವೆಂದುಕೊಂಡು, ಬೆಳಗಿನ ಜಾವ ಕೂಗು ಕೂಗು ಎಂದು ಪೀಡಿಸುತ್ತಿದ್ದ ಕೋಳಿಯ ಕಥೆ. ಕೊನೆಗೆ ಅದು ನಾನು ಹೇಂಟೆ ಎನ್ನುತ್ತದೆ. ಹಲಸೂರಿನ ನಮ್ಮ ಮನೆಯಲ್ಲಿ ದಿನಾ ಸಂಜೆ ಅದೇ ಓದು.

ಮಗಳಿಗೆ ಒಂದೇ ಸಲಕ್ಕೆ ತಿಳಿಯಿತು. ಮಾಮನೂ ಹಾಗೇನಾ ಎಂದು ಕೇಳಿದಳು. ಹೌದೆಂದೆ. ಹಾಗಾದರೆ ಚಿಕ್ಕಮ್ಮ ಅನ್ನಬೇಕು ಎಂದು ತಾನೇ ತೀರ್ಮಾನಿಸಿದಳು. ಆಮೇಲೆ ಶಿವಾಜಿನಗರದ ಮಾರ್ಕೆಟ್ಟಿಗೆ ಕರೆದೊಯ್ದರೆ, ಪಂಜರದ ಒಂದೊಂದು ಕೋಳಿಯನ್ನೂ ನೀನು ಹುಂಜನಾ ಹೇಂಟೆನಾ ಎಂದು ವಿಚಾರಿಸತೊಡಗಿದಳು. ನಕ್ಕು ನಕ್ಕು ನನಗೆ ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

ನಾವು ಓದುವಾಗ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದ ಅಮ್ಮ ಕೇಳಿಯೂ ಕೇಳದವಳ ಹಾಗೆ ಇರುತ್ತಿದ್ದಳು. ಒಂದು ಸಂಜೆ ಸುಸ್ತಾಗಿ ನಾನೊಂದು ಪುಟ ಹಾರಿಸಿದೆ.

"ಅದರಮ್ಮ ಬರೋ ಪುಟ ಬಿಟ್ಬಿಟ್ಟೆ ನೀನು," ಎಂದಳು ಅಮ್ಮ.

ಆ ಪುಟದಲ್ಲಿ ತಾಯಿಕೋಳಿ ಸರಿದು ಕೂತು ತನ್ನ ಪಕ್ಕ ಜಾಗ ಮಾಡಿಕೊಡುತ್ತದೆ. ಓದಿದೆ. ಅಮ್ಮ ತಲೆ ಎತ್ತದೆ ಕಾಯಿ ಸುಲಿಯುತ್ತಲೇ ಇದ್ದಳು.

ಚಿಕ್ಕಮ್ಮಾ ಬಾ ಎಂದು ಮಗಳೇ ಫೋನ್ ಮಾಡಿ ಕರೆದಿದ್ದರಿಂದ, ಕಿವಿ ಚುಚ್ಚುವ ಬೆಳಿಗ್ಗೆ ತಂಗಿ ಬಂದಳು. ಹಸಿರು ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲೇ ನಿಂತಳು. ಚುಚ್ಚಲು ಬಂದಿದ್ದ ಆಚಾರಿ, ಸೋದರಮಾವ ಎಲ್ಲಿ ಎಂದು ಕೇಳಿದರು. ಅಮ್ಮ ಮಣೆ ಎತ್ತಿಕೊಂಡು ಹೋಗಿ ತಂಗಿಯ ಮುಂದೆ ಹಾಕಿದಳು.

"ಇವಳಿಗೆ ಚಿಕ್ಕಮ್ಮನ ತೊಡೆ, ಆಚಾರ್ರೇ. ಕೂತ್ಕೊಮ್ಮಾ. ಸೆರಗು ಸರಿಮಾಡ್ಕೋ, ಮಗು ಕಾಲಿಗೆ ಸಿಕ್ಕೊಳುತ್ತೆ."

ಮಗಳು ಬೀದಿಗೆಲ್ಲ ಕೇಳುವಂತೆ ಅತ್ತಳು. ತಂಗಿಯೂ ಅತ್ತಳು. ಅಮ್ಮ ಇಬ್ಬರ ಬಾಯಿಗೂ ಸಕ್ಕರೆ ಹಾಕಿದಳು.